ಓದು ಬಾರದವರ ಬಗ್ಗೆ ಯಾರೂ ಓದದ ವರದಿ

ಸೆಪ್ಟೆಂಬರ್ 8 ಬಂತು, ಹೋಯಿತು. ಅಂತಾರಾಷ್ಟ್ರೀಯ ಸಾಕ್ಷರತಾ ದಿನ. 1967ರಿಂದ ಆಚರಿಸುತ್ತಿದ್ದೇವೆ, ಕೈ ಚೆನ್ನಾಗಿ ಪಳಗಿದೆ. ವಯಸ್ಕರ ಶಿಕ್ಷಣಕ್ಕೆ ಸಂಶೋಧನೆಯನ್ನು ಬಳಸುವುದು ಹೇಗೆ ಎಂಬ ಚರ್ಚೆ ಈ ಸಲವೂ ನಡೆಯಿತು. ತೀರ್ಮಾನ ನಿಮಗೆ ಗೊತ್ತೇ ಇದೆ: ಇನ್ನಷ್ಟು ಸಂಶೋಧನೆ ಆಗಬೇಕು.

ಆಗಲೇಬೇಕು ಬಿಡಿ. ಇಡೀ ದಿನ ದುಡಿದು ಬಂದವರಿಗೆ ಸಂಜೆ ಪಾಠದಲ್ಲಿ ತೂಕಡಿಕೆ ಏಕೆ ಬರುತ್ತದೆ ಎಂಬುದು ಸಣ್ಣ ಒಗಟಲ್ಲ. ಮಗುವನ್ನು ನೋಡಿಕೊಳ್ಳಲು ಯಾರೂ ಇಲ್ಲದ ತಾಯಿ ತರಗತಿಗೆ ಏಕೆ ಬರುವುದಿಲ್ಲ? ಇದಕ್ಕೆ ಮೂರು ವರ್ಷ, ಎರಡು ಸಮಿತಿಯಾದರೂ ಬೇಡವೇ?

ಅಮೆರಿಕದಲ್ಲಿ ಇದಕ್ಕೆಂದೇ ಒಂದು ರಾಷ್ಟ್ರೀಯ ಕೇಂದ್ರ ಇತ್ತು. 1996ರಲ್ಲಿ ಹಾರ್ವರ್ಡ್‌ನಲ್ಲಿ ಶುರುವಾಯಿತು. ಪಾಪ, ಒಳ್ಳೆಯ ಕೆಲಸವನ್ನೇ ಮಾಡಿತು. ತಮ್ಮದೇ ಒಂದು ಗುರಿ ಇಟ್ಟುಕೊಂಡು ಬಂದವರು ಜಾಸ್ತಿ ದಿನ ಉಳಿಯುತ್ತಾರೆ, ಬಿಟ್ಟುಹೋದವರಲ್ಲಿ ಎಷ್ಟೋ ಮಂದಿ ಮರಳಿ ಬರುತ್ತಾರೆ, ಬಾಗಿಲು ಹಾಕಬೇಡಿ ಎಂದಿತು. ಜನ ಕಲಿಕೆಯನ್ನು ಅರ್ಧಕ್ಕೆ ಬಿಡುವುದೇಕೆ ಎಂದು ಹುಡುಕುತ್ತಿದ್ದ ಆ ಕೇಂದ್ರ, ಸರ್ಕಾರದ ಹಣ ನಿಂತು, 2007ರಲ್ಲಿ ತಾನೇ ಮುಚ್ಚಿಕೊಂಡಿತು.

ಇನ್ನು ತಿಳಿದದ್ದನ್ನು ನಿಜಕ್ಕೂ ಮಾಡಿ ತೋರಿಸಲು ಹೊರಟವರ ಕಥೆ. ಬ್ರೆಜಿಲ್‌ನ ಶಿಕ್ಷಣತಜ್ಞ ಪೌಲೊ ಫ್ರೇರಿ 1963ರಲ್ಲಿ ಆಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಕೂಲಿಕಾರರಿಗೆ 40 ಗಂಟೆಯಲ್ಲಿ ಓದು ಕಲಿಸಲು ಕೂತರು. ಅವರ ಬಾಯಲ್ಲಿದ್ದ ಮಾತುಗಳಿಂದಲೇ ಪಾಠ ಕಟ್ಟಿದರು. ಮರುವರ್ಷ ಮಿಲಿಟರಿ ಅಧಿಕಾರ ಹಿಡಿಯಿತು, ಫ್ರೇರಿ ಜೈಲಿಗೆ ಹೋದರು. ಅದಕ್ಕೇ ಇರಬೇಕು, ಉಳಿದವರು ಹುಷಾರಾಗಿ ಅ ಅರಸ, ಇ ಇಲಿ ಎಂದೇ ಕಲಿಸುತ್ತಿರುವುದು. ಇಲಿಗೆ ಹೆದರಿದ ಸರ್ಕಾರ ಇಲ್ಲ.

ಇಲಿ ಅಂದಾಗ ನೆನಪಾಯಿತು. ನಾನೂ ಒಮ್ಮೆ ಇಂಥ ತರಗತಿಯಲ್ಲಿ ಪಾಠ ಮಾಡಿದ್ದೆ. ಐವತ್ತು ದಾಟಿದ ಹೆಂಗಸೊಬ್ಬರು ಸೆರಗಿನ ಗಂಟಿನಿಂದ ಮಾತ್ರೆ ತೆಗೆದು, "ಇಲಿ ನಂಗೊತ್ತು ಮೇಷ್ಟ್ರೇ. ಇದ್ರ ಮೇಲೇನು ಬರ್ದಿದೆ, ಅದನ್ನ ಹೇಳ್ಕೊಡಿ" ಎಂದರು. ಅದು ಮುಂದೆ ಬರುತ್ತಮ್ಮಾ, ಮೊದಲು ಒತ್ತಕ್ಷರ ಮುಗಿಯಲಿ ಎಂದೆ. ಮೂರನೇ ವಾರ ಅವರು ಬರಲಿಲ್ಲ. ಕಾರಣದ ಕಾಲಂನಲ್ಲಿ 'ಆಸಕ್ತಿಯ ಕೊರತೆ' ಎಂದು ನಾನೇ ಬರೆದೆ. ಅಕ್ಷರ ಮುದ್ದಾಗಿತ್ತು.

ಜಗತ್ತಿನಲ್ಲಿ ಇನ್ನೂ ಸುಮಾರು 74 ಕೋಟಿ ವಯಸ್ಕರಿಗೆ ಓದು ಬರಹ ಬಾರದು, ಇದು ಯುನೆಸ್ಕೋ ಲೆಕ್ಕ. ಹೆಚ್ಚುಕಡಿಮೆ ಮೂವರಲ್ಲಿ ಇಬ್ಬರು ಹೆಂಗಸರು. ಪಾಠದ ಹೊತ್ತು ಬದಲಿಸಿ. ಮಗು ನೋಡಿಕೊಳ್ಳಲು ಒಬ್ಬರನ್ನಿಡಿ. ಕಲಿಸುವವರಿಗೆ ಸಂಬಳ ಕೊಡಿ. ಇದು ಯಾರಿಗೂ ಗೊತ್ತಿಲ್ಲದ್ದೇನಲ್ಲ. ಗೊತ್ತಿದೆ, ಮಾಡುವುದಿಲ್ಲ, ಅಷ್ಟೆ. ಹೇಳಿ ಹೇಳಿ ಸಾಕಾಗಿದೆ.

ಅಂದಹಾಗೆ, ನಮ್ಮ ತರಗತಿ ಬಿಟ್ಟವರ ಬಗ್ಗೆಯೂ ಆಮೇಲೆ ಒಂದು ಸಮೀಕ್ಷೆ ಆಯಿತು. ಕಾರಣ ಕೇಳಿ ಎಲ್ಲರ ಮನೆಗೂ ಫಾರಂ ಕಳಿಸಿದರು. ನಾಲ್ಕು ಪುಟ. ಒಬ್ಬರೂ ತುಂಬಿ ಕಳಿಸಲಿಲ್ಲವಂತೆ.