ಪೆಟ್ರೋಲ್ ದುಡ್ಡಿನ ಮೇಲೆ ಗೃಹಸಾಲ

ನಿನ್ನೆ ಸಂಜೆ ತಂಗಿಯ ಮನೆಯಲ್ಲಿ ಗೃಹಸಾಲದ ಏಜೆಂಟರೊಬ್ಬರ ಲೆಕ್ಕದ ಪಾಠವನ್ನು ಕೇಳಿ ಬಂದಾಗಿನಿಂದ ನನಗೆ ಸಮಾಧಾನವಿಲ್ಲ. ನಾನು ಹತ್ತೊಂಬತ್ತು ವರ್ಷ ಚಪ್ಪಲಿ ಸವೆಸಿದ ಕಸುಬಿಗೇ ಸೋದರಳಿಯನೂ ಇಳಿದಿದ್ದಾನೆ. ಹುಬ್ಬಳ್ಳಿಯಿಂದ ಗದಗ, ರೋಣ, ನವಲಗುಂದ ಎಂದು ಬೈಕಿನಲ್ಲಿ ಸುತ್ತಿ ವೈದ್ಯರಿಗೆ ಕಂಪನಿಯ ಔಷಧಿ ಪರಿಚಯಿಸುವ ಮೆಡಿಕಲ್ ರೆಪ್. ಕೈಗೆ ಬರುವ ಸಂಬಳ 32,000 ರೂಪಾಯಿ. ಎಕ್ಸ್‌ಪೆನ್ಸ್ ಸ್ಟೇಟ್‌ಮೆಂಟ್ ಮಂಜೂರಾದ ಮೇಲೆ ಟಿಎ-ಡಿಎ (ಪ್ರಯಾಣ ಭತ್ಯೆ, ದಿನಭತ್ಯೆ) ಎಂದು ಸುಮಾರು 14,000 ಬೇರೆಯಾಗಿ ಜಮೆಯಾಗುತ್ತದೆ. ಏಜೆಂಟರು ಎರಡನ್ನೂ ಕೂಡಿಸಿ, "46,000 ಆದಾಯ ತೋರಿಸೋಣ ಸರ್" ಎಂದರು.

ಆದಾಯದ ಅರ್ಧವನ್ನು ಕಂತಿಗೆ ಹಿಡಿದರೆ, ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ, 32,000ದ ಮೇಲೆ ಸುಮಾರು 18.4 ಲಕ್ಷ ಸಾಲ ಹುಟ್ಟುತ್ತದೆ. 46,000ದ ಮೇಲೆ 26.5 ಲಕ್ಷ. ನಡುವಿನ ಎಂಟು ಲಕ್ಷ ನಿಂತಿರುವುದು ಪೆಟ್ರೋಲ್ ಬಂಕಿಗೆ, ಲಾಡ್ಜಿಗೆ, ಖಾನಾವಳಿಗೆ ಹುಡುಗ ಆಗಲೇ ಕೊಟ್ಟುಬಿಟ್ಟಿರುವ ಹಣದ ಮೇಲೆ. 23,000 ಕಂತು ಕಟ್ಟಿದರೆ ಸಂಬಳದಲ್ಲಿ ಉಳಿಯುವುದು 9,000. ಮುಂದಿನ ಖರ್ಚಿನ ಕ್ಲೇಮ್ ಬರುವ ತನಕ ಊಟಕ್ಕೂ ಪೆಟ್ರೋಲಿಗೂ ಅದೇ ಗತಿ. ಕರ್ತವ್ಯಕ್ಕಾಗಿ ಖರ್ಚಾದಷ್ಟು ಪ್ರಯಾಣ ಭತ್ಯೆಗೆ ಆದಾಯ ತೆರಿಗೆ ಇಲ್ಲ. ತೆರಿಗೆಯವರ ಮುಂದೆ ಖರ್ಚಾಗಿದ್ದ ದುಡ್ಡು ಬ್ಯಾಂಕಿನ ಮೆಟ್ಟಿಲು ಹತ್ತುವಷ್ಟರಲ್ಲಿ ಆದಾಯವಾಗುವ ಈ ಪವಾಡವನ್ನು ಏಜೆಂಟರೇ ವಿವರಿಸಬೇಕು.

ಕಿಲೋಮೀಟರಿಗೆ ಇಂತಿಷ್ಟು ಎಂದು ಕಂಪನಿ ಕೊಡುವುದರಿಂದ, ಮೈಲೇಜ್ ಕೊಡುವ ಬೈಕೂ ಮನೆಯ ಬುತ್ತಿಯೂ ಇದ್ದರೆ ಎರಡು ಮೂರು ಸಾವಿರ ಮಿಗುತ್ತದೆ ಎಂದು ಗೆಳೆಯರು ಹೇಳುವರು. ಮಿಗುತ್ತದೆ, ಟೈರ್ ಬದಲಿಸುವ ತಿಂಗಳವರೆಗೆ. ನನ್ನ ಸೊಂಟದ ಎಂ.ಆರ್.ಐ. ಖರ್ಚನ್ನು ಯಾವ ಕಂಪನಿಯೂ ಟಿಎ ಎಂದು ಮಂಜೂರು ಮಾಡಲಿಲ್ಲ.

ಇಷ್ಟೆಲ್ಲ ಬುದ್ಧಿ ಹೇಳುವ ನಾನೂ 2018ರಲ್ಲಿ ಹೀಗೆಯೇ ಕೂಡಿಸಿ ಸಾಲ ಎತ್ತಿದವನು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಓಡಾಟ ನಿಂತಿತು, ಕ್ಲೇಮ್ ನಿಂತಿತು. ರಿಸರ್ವ್ ಬ್ಯಾಂಕ್ ಆಗಸ್ಟ್‌ವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತು. ಬಡ್ಡಿಯೇನೂ ಮನೆಯಲ್ಲಿ ಕೂರಲಿಲ್ಲ, ಅಸಲಿನ ಮೇಲೆ ಬೆಳೆಯುತ್ತಲೇ ಇತ್ತು. ಹಳೆಯ ಎಕ್ಸ್‌ಪೆನ್ಸ್ ಇನ್ನೂ ಮಂಜೂರಾಗಿಲ್ಲವೆಂದು ಹೆಂಡತಿಗೆ ಮೂರು ತಿಂಗಳು ಸುಳ್ಳು ಹೇಳಿದೆ. ಆಕೆ ಇದನ್ನು ಈಗ ಇಲ್ಲಿಯೇ ಓದುತ್ತಾಳೆ, ಓದಲಿ.

"ಹಂಗಾದ್ರ ಒಂದು ಬೆಡ್‌ರೂಮಿನ ಮನೀನ ನೋಡಲೇನು ಮಾಮಾ?" ಎಂದ ಅಳಿಯ. ನೋಡು ಎಂದೆ. ತಂಗಿ ಏನೂ ಮಾತಾಡಲಿಲ್ಲ; ಏಜೆಂಟರಿಗೆ ಎರಡನೆಯ ಸಲ ಚಹಾ ಬಂತು, ನನಗೆ ಬರಲಿಲ್ಲ.