ಸೀಮೆಸುಣ್ಣದ ಪಾತ್ರೆ ತುಳುಕುವುದಿಲ್ಲ

ಐದು ಲೀಟರಿನದೊಂದು, ಮೂರು ಲೀಟರಿನದೊಂದು ಪಾತ್ರೆ. ನಾಲ್ಕು ಲೀಟರ್ ಅಳೆಯಿರಿ. ಈ ಲೆಕ್ಕವನ್ನು ಕರಿಹಲಗೆಯ ಮೇಲೇ ಮುಗಿಸುವವರನ್ನು ಕಂಡರೆ ಮೈ ಉರಿಯುತ್ತದೆ. ಸೀಮೆಸುಣ್ಣದಲ್ಲಿ ಬರೆದ ಪಾತ್ರೆ ತುಳುಕುವುದಿಲ್ಲ, ಯಾರ ಲಂಗವನ್ನೂ ಒದ್ದೆ ಮಾಡುವುದಿಲ್ಲ. ಹಾಸನದ ಕಡೆಯ ಹಳ್ಳಿಯಲ್ಲಿ ಹಾಲಿನ ಕ್ಯಾನಿಗೇನು ಬರವೇ?

ತರಿಸಿದರೂ ತಕರಾರೇ. ಐದು ಲೀಟರಿನದೆಂದು ಕೊಂಡ ಕ್ಯಾನು ಕಂಠಮಟ್ಟ ತುಂಬಿದರೆ ಐದಕ್ಕೇ ನಿಲ್ಲುವುದಿಲ್ಲ. ಎರಡೂ 200 ಮಿಲಿ ಹೆಚ್ಚು ಹಿಡಿಯುತ್ತವೆ ಎನ್ನಿ: 5.2, 3.2. ಒಬ್ಬ ಹುಡುಗಿ ದೊಡ್ಡದನ್ನು ತುಂಬಿ ಸಣ್ಣದಕ್ಕೆ ಬಗ್ಗಿಸುತ್ತಾಳೆ, ಉಳಿದದ್ದು 2. ಸಣ್ಣದನ್ನು ಚೆಲ್ಲಿ, ಆ ಎರಡನ್ನು ಅದಕ್ಕೆ ಹಾಕಿ, ದೊಡ್ಡದನ್ನು ಮತ್ತೆ ತುಂಬಿ, ಸಣ್ಣದು ತುಂಬುವಷ್ಟು ಬಗ್ಗಿಸುತ್ತಾಳೆ. ಆರು ಹೆಜ್ಜೆ, ಸರಿಯಾಗಿ 4 ಲೀಟರ್.

ಪಕ್ಕದ ಹುಡುಗ ಸಣ್ಣದರಿಂದ ಶುರುಮಾಡುತ್ತಾನೆ. ಎರಡು ಸಲ ತುಂಬಿ ದೊಡ್ಡದಕ್ಕೆ ಬಗ್ಗಿಸುತ್ತಾನೆ. ಸಣ್ಣದರಲ್ಲಿ ಒಂದಿಷ್ಟು ಮಿಗುತ್ತದೆ. ದೊಡ್ಡದನ್ನು ಚೆಲ್ಲಿ, ಮಿಕ್ಕದ್ದನ್ನು ಅದಕ್ಕೆ ಹಾಕಿ, ಮೇಲೆ ಇನ್ನೊಂದು ಸಣ್ಣ ಕ್ಯಾನು ಸುರಿಯುತ್ತಾನೆ. ಎಂಟು ಹೆಜ್ಜೆ, ದಾರಿಯಲ್ಲಿ ಒಂದೂ ತಪ್ಪಿಲ್ಲ. ಅಳೆದು ನೋಡಿದರೆ 4.4! 'ಎಲ್ಲಿ ಚೆಲ್ಲಿದೆಯೋ?' ಎಂದು ಬೈಸಿಕೊಳ್ಳುವವನು ಅವನೇ. ಚೆಲ್ಲಿದ್ದರೆ ಕಡಿಮೆಯಾಗಬೇಕಿತ್ತಲ್ಲ ಮೇಷ್ಟ್ರೇ?

ಅವಳ ದಾರಿಯಲ್ಲಿ ದೊಡ್ಡದು ಎರಡು ಸಲ ಕೂಡಿಕೊಂಡು ಸಣ್ಣದು ಎರಡು ಸಲ ಕಳೆಯುತ್ತದೆ. ಹೆಚ್ಚುವರಿ ಹೆಚ್ಚುವರಿಯನ್ನು ತಿಂದುಹಾಕುತ್ತದೆ. ಇವನದರಲ್ಲಿ ಸಣ್ಣದು ಮೂರು ಸಲ ಕೂಡಿ, ದೊಡ್ಡದು ಒಂದೇ ಸಲ ಕಳೆಯುತ್ತದೆ. 200 ಮಿಲಿಯ ಎರಡು ಪಾಲು ಹಾಗೇ ಉಳಿಯಿತು. ಇಷ್ಟು ಒಳ್ಳೆಯ ಪಾಠವನ್ನು ಬೈಗುಳದಲ್ಲಿ ಮುಗಿಸುತ್ತಾರೆ.

ಕ್ಯಾನು ಬೇಡವೆಂದರೆ ಪಾರದರ್ಶಕ ನೀರಿನ ಬಾಟಲಿ ಸಾಕು. ಅಳೆದ 500, 300 ಮಿಲಿ ನೀರು ಹಾಕಿ ಗೆರೆ ಎಳೆದು, ಎರಡು ಬೆರಳು ಮೇಲಕ್ಕೆ ಕತ್ತರಿಸಿ. ಗೆರೆಗೇ ಕತ್ತರಿಸಿದರೆ ಎತ್ತುವಾಗಲೇ ತುಳುಕುತ್ತದೆ. ನೀರಿಗೆ ಬದಲು ರಾಗಿ ಎನ್ನುವವರಿದ್ದಾರೆ. ಕುಲುಕಿದರೆ ಇಳಿಯುವ ಕಾಳು ಅದು. ಸೇರಿನಲ್ಲಿ ಅಳೆಯುವ ಕಾಲದ ಜಗಳಗಳೆಲ್ಲ ತರಗತಿಗೆ ಬಂದು ಕೂರುತ್ತವೆ.

ಇನ್ನು 6 ಮತ್ತು 4 ಲೀಟರಿನ ಪಾತ್ರೆ ಕೊಟ್ಟು 5 ಕೇಳುವುದುಂಟು. ಎರಡೂ ಸಮಸಂಖ್ಯೆ; ಹೇಗೆ ಕೂಡಿ ಕಳೆದರೂ ಸಮವೇ ಬರುತ್ತದೆ, ಆದ್ದರಿಂದ 'ಆಗದು' ಎಂಬುದೇ ಉತ್ತರ. ಆದರೆ ನೆಟ್ಟಗಿನ ಉರುಟು ಸ್ಟೀಲ್ ಡಬ್ಬ ಕೊಟ್ಟು ನೋಡಿ. ಯಾವುದೋ ಮಗು ಡಬ್ಬವನ್ನು ಓರೆ ಮಾಡಿ, ನೀರು ಇತ್ತ ಬಾಯಿಯ ಅಂಚಿಗೂ ಅತ್ತ ತಳದ ಅಂಚಿಗೂ ತಾಗಿ ನಿಲ್ಲುವವರೆಗೆ ಚೆಲ್ಲುತ್ತದೆ. ಉಳಿದದ್ದು ಅರ್ಧ. ಆರರಲ್ಲಿ ಮೂರು, ನಾಲ್ಕರಲ್ಲಿ ಎರಡು, ಸೇರಿಸಿದರೆ ಐದು. ಕೊಡದಲ್ಲಿ ಮಾತ್ರ ಇದು ನಡೆಯುವುದಿಲ್ಲ, ಅದಕ್ಕೆ ಹೊಟ್ಟೆಯಿದೆ.