ಸತ್ಯಾಂಶ: ಎನ್‌95 ಮಾಸ್ಕ್‌ಗೆ ಸ್ಯಾನಿಟೈಸರ್ ಸಿಂಪಡಿಸಬೇಡಿ

ಬಳಸಿದ ಎನ್‌95 ಮಾಸ್ಕ್‌ಗೆ ಸ್ಯಾನಿಟೈಸರ್ ಸಿಂಪಡಿಸಿ ಒಣಗಿಸಿದರೆ ಸಾಕು, ಮತ್ತೆ ಧರಿಸಬಹುದು, ಆಸ್ಪತ್ರೆಗಳಲ್ಲೂ ಹೀಗೆಯೇ ಮಾಡುತ್ತಾರೆ ಎಂಬ ಸಂದೇಶ ಕಾರವಾರ, ಶಿರಸಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಸುತ್ತುತ್ತದೆ. ಇದು ತಪ್ಪು. ಮಾಸ್ಕ್‌ನ ನಡುವಿನ ಪದರದ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನ ಎಳೆಗಳಲ್ಲಿ ಸ್ಥಿರ ವಿದ್ಯುದಾವೇಶವಿರುತ್ತದೆ. ಸೂಕ್ಷ್ಮ ಕಣಗಳನ್ನು ಸೆಳೆದು ಹಿಡಿಯುವುದು ಬಹುಮಟ್ಟಿಗೆ ಅದೇ. ಆಲ್ಕೋಹಾಲ್ ಅಥವಾ ಸಾಬೂನು ತಗುಲಿದರೆ ಆ ಆವೇಶ ಅಳಿಯುತ್ತದೆ. ಮಾಸ್ಕ್ ಮಾತ್ರ ಕಣ್ಣಿಗೆ ಮೊದಲಿನಂತೆಯೇ ಕಾಣುತ್ತದೆ, ಅಪಾಯವಿರುವುದೇ ಅಲ್ಲಿ. 2020ರಲ್ಲಿ, ಕೋವಿಡ್ ವೇಳೆಯ ಮಾಸ್ಕ್ ಕೊರತೆಯ ಕಾಲದಲ್ಲಿ, ಕೆಲವು ಆಸ್ಪತ್ರೆಗಳು ಹೈಡ್ರೋಜನ್ ಪೆರಾಕ್ಸೈಡ್ ಆವಿಯಿಂದ ಮಾಸ್ಕ್‌ಗಳನ್ನು ಶುದ್ಧಗೊಳಿಸಿದ್ದು ನಿಜ. ಅದು ವಿಶೇಷ ಯಂತ್ರಗಳಲ್ಲಿ, ಅನಿವಾರ್ಯವಾದಾಗ ಮಾತ್ರ. ಇಂಥ ಸಂದೇಶ ಕಳುಹಿಸುವವರು ಕಾಳಜಿಯಿಂದಲೇ ಕಳುಹಿಸುತ್ತಾರೆ. ಆದರೂ ಮುಂದೆ ರವಾನಿಸುವ ಮೊದಲು ಪೊಟ್ಟಣದ ಮೇಲೆ ತಯಾರಕರು ಬರೆದ ಸೂಚನೆ ಓದಿ, ಸಂದೇಶದಲ್ಲಿ ದಿನಾಂಕವೂ ಮೂಲವೂ ಇವೆಯೇ ನೋಡಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ.